ತೆಂಗಿನ ಸೀಮೆಯಲ್ಲಿ ಕುಂಡದ ಗುಲಾಬಿ

ಹುಳಿಯಾರಿನ ಮಗ್ಗುಲಲ್ಲಿರುವ ಕೆಂಕೆರೆಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಸುತ್ತ ತೆಂಗಿನ ತೋಟ, ಅಟ್ಟದ ತುಂಬ ಉಂಡೆ ಕೊಬ್ಬರಿಗೆಂದು ಕೂಡಿಟ್ಟ ಕಾಯಿ, ಅಂಗಳದ ಮೂಲೆಯಲ್ಲಿ ಸುಲಿದ ಸಿಪ್ಪೆಯ ರಾಶಿ. ಜಗಲಿಯ ಅಂಚಿನಲ್ಲಿ ಹನ್ನೊಂದು ಕುಂಡಗಳು. ನಾನು ನೋಡಿದಾಗ ಅವುಗಳಲ್ಲಿ ಆರರಲ್ಲಿ ಇದ್ದುದು ಬರೀ ಒಣಕಡ್ಡಿ. ಕೆಲವು ಲಾಲ್‌ಬಾಗಿನ ಜನವರಿ ಪ್ರದರ್ಶನಕ್ಕೆ ಹೋದಾಗ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದವು, ಉಳಿದವು ಗಾಡಿಯಲ್ಲಿ ಗಿಡ ಮಾರುವವನಿಂದ ಚೌಕಾಶಿ ಮಾಡಿ ಕೊಂಡವು. ತಂದಾಗ ಒಂದೊಂದರಲ್ಲೂ ಬೊಗಸೆಯಗಲದ ಹೂವಿತ್ತಂತೆ. ಮೂರು ತಿಂಗಳಲ್ಲಿ ಎಲೆ ಹಳದಿಯಾಯಿತು, ಕಡ್ಡಿ ತುದಿಯಿಂದ ಕಪ್ಪಾಗುತ್ತ ಬಂತು, ಆಮೇಲೆ ಕಥೆ ಮುಗಿಯಿತು.

ದೊಡ್ಡಮ್ಮನ ಆರೈಕೆಯಲ್ಲಿ ಕೊರತೆಯೇನೂ ಇರಲಿಲ್ಲ. ಬೆಳಿಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು ನೀರು ತಪ್ಪದೆ ಹಾಕಿದ್ದರು. ಮಣ್ಣೂ ಸಾಮಾನ್ಯದ್ದಲ್ಲ, ಕೆರೆ ಹೂಳು ತೆಗೆದಾಗ ತೋಟಕ್ಕೆ ಹೊಡೆಸಿದ ಗೋಡಿನಲ್ಲೇ ಉಳಿಸಿಕೊಂಡದ್ದು. 'ತೆಂಗಿಗೆ ಗೋಡು ಹೊಡೆದ್ರೆ ಮೂರೇ ವರ್ಷಕ್ಕೆ ಹೊಂಬಾಳೆ ಮೇಲೆ ಹೊಂಬಾಳೆ ಬರುತ್ತೆ. ಇದಕ್ಕೇನು ಬಂತು ರೋಗ, ಹೇಳಪ್ಪಾ' ಎಂದು ಅವರ ಪ್ರಶ್ನೆ. ಕೊಬ್ಬರಿ ಬಿಡಿಸುತ್ತ ಕೂತಿದ್ದ ದೊಡ್ಡಪ್ಪ ತಲೆ ಎತ್ತದೆ ಹೇಳಿದರು: 'ಮರಕ್ಕೇ ನೀರಿಲ್ಲ, ಇವಳು ಕಡ್ಡಿಗೆ ನೀರು ಹುಯ್ತಾಳೆ.'

ಎರಡು ಮಾತಿನಲ್ಲೂ ತೂಕವಿತ್ತು. ಬಾವಿಗಳು ಬತ್ತಿ, ಕೊಳವೆ ಬಾವಿಗಳು ಪಾತಾಳಕ್ಕಿಳಿದ ಸೀಮೆ ಇದು. ಕಳೆದ ದಶಕದ ಬರಗಳಲ್ಲಿ ಸುಳಿ ಬಿದ್ದು ನಿಂತ ತೆಂಗಿನ ಮರಗಳನ್ನು ಕಡಿಸಿ ಸಾಗಿಸಿದವರು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಮೂರೂ ತಾಲ್ಲೂಕಿನಲ್ಲಿದ್ದಾರೆ. ಇಂಥಲ್ಲಿ ಗುಲಾಬಿಗೆ ನೀರು ಹಾಕುವುದೇ ಒಂದು ವಿಲಾಸ. ಹಾಕಿಯೂ ಗಿಡ ಸತ್ತರೆ ಅದು ಎರಡು ಪಟ್ಟು ನಷ್ಟ. ಆದರೆ ಗಿಡ ಸತ್ತದ್ದು ನೀರಿಲ್ಲದೆ ಅಲ್ಲ, ನೀರಿನಿಂದಲೇ. ಸರಿಯಾಗಿ ಹೇಳಬೇಕೆಂದರೆ, ನೀರು ತುಂಬಿ ಬೇರಿಗೆ ಉಸಿರು ಸಿಕ್ಕದೆ. ಬೇರಿಗೆ ಉಸಿರು ಕೊಡುವ ವಸ್ತು ಅದೇ ಅಂಗಳದ ಮೂಲೆಯ ಸಿಪ್ಪೆರಾಶಿಯೊಳಗೇ ಇತ್ತು.

ಇದನ್ನು ವಿವರಿಸುವ ಮೊದಲು ಹೂವಿನ ಪೂರ್ವಾಪರ ಸ್ವಲ್ಪ ನೋಡಬೇಕು. ಗುಲಾಬಿ ಕುಂಡದಲ್ಲಿ ಬೆಳೆಯುವ ಗಿಡವೇ ಅಲ್ಲ, ನೆಲಕ್ಕೇ ಇಡಬೇಕು ಎಂದು ಕೈಚೆಲ್ಲುವವರು ಬಹಳ. ಚರಿತ್ರೆ ಬೇರೆಯೇ ಹೇಳುತ್ತದೆ.

ಗುಲಾಬಿ ಎಂಬ ಹೆಸರಿನಲ್ಲೇ ನೀರಿದೆ. ಪರ್ಷಿಯನ್ ಭಾಷೆಯಲ್ಲಿ 'ಗುಲ್' ಎಂದರೆ ಹೂವು, 'ಆಬ್' ಎಂದರೆ ನೀರು. 'ಗುಲಾಬ್' ಎಂದರೆ ಹೂವಿನ ನೀರು, ಅಂದರೆ ನಮ್ಮ ಪನ್ನೀರು. ಅಲ್ಲಿ ಭಟ್ಟಿಯಿಳಿಸಿದ ನೀರಿಗಿದ್ದ ಹೆಸರು ಇಲ್ಲಿಗೆ ಬರುವಷ್ಟರಲ್ಲಿ ಹೂವಿಗೇ ಅಂಟಿಕೊಂಡಿತು. ಮದುವೆಮನೆಯ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಲ್ಲುವ ಹುಡುಗಿ ಚಿಮುಕಿಸುವುದು ಆ ಮೂಲದ ಗುಲಾಬನ್ನೇ. ಬೆಂಗಳೂರಿನಲ್ಲಿ ಹೈದರನೂ ಟಿಪ್ಪುವೂ ಬೆಳೆಸಿದ ತೋಟಗಳನ್ನು 1800ರಲ್ಲಿ ನೋಡಿದ ಫ್ರಾನ್ಸಿಸ್ ಬುಕಾನನ್, ಅಲ್ಲಿ ಒಂದೊಂದು ಚೌಕದಲ್ಲಿ ಒಂದೊಂದೇ ಜಾತಿಯ ಗಿಡ ಹಾಕುವ ಪದ್ಧತಿಯಿತ್ತೆಂದೂ, ಒಂದು ಚೌಕ ಪೂರ ಗುಲಾಬಿ, ಇನ್ನೊಂದು ಪೂರ ದಾಳಿಂಬೆ ಎಂದೂ ಬರೆದಿಟ್ಟಿದ್ದಾನೆ. ಅದೇ ಪ್ರವಾಸದಲ್ಲಿ ಆತ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮೇಲೆ ಹಾದುಹೋದ; ಈ ಕಡೆ ಅವನ ಕಣ್ಣು ಸೆಳೆದದ್ದು ತೆಂಗಿನ ತೋಟಗಳು. ಬುಕಾನನ್ ಬಂದ ಹೊತ್ತಿಗೆ ಗುಲಾಬಿಯ ಲೋಕದಲ್ಲಿ ಒಂದು ದೊಡ್ಡ ಬದಲಾವಣೆ ಆಗಲೇ ಶುರುವಾಗಿತ್ತು.

ಅಲ್ಲಿಯವರೆಗೆ ಪಶ್ಚಿಮ ಏಷ್ಯಾ, ಯುರೋಪುಗಳ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಹೂಬಿಟ್ಟು ಸುಮ್ಮನಾಗುವಂಥವು. ವರ್ಷವಿಡೀ ಹೂಬಿಡುವ ಗುಣ ಬಂದದ್ದು ಚೀನಾದಿಂದ. ಕ್ಯಾಂಟನ್ ನಗರದ (ಈಗಿನ ಗುವಾಂಗ್‌ಝೌ) ನದಿಯಾಚೆ 'ಫಾ-ಟೀ' ಎಂಬ ಹೆಸರಿನ ನರ್ಸರಿಗಳಿದ್ದವು. ಹೂವಿನ ನೆಲ ಎಂದು ಆ ಮಾತಿನ ಅರ್ಥ. ಚಹಾ ತುಂಬಿಕೊಳ್ಳಲು ಬಂದ ಹಡಗಿನವರು ಅಲ್ಲಿಂದ ಗಿಡ ಕೊಂಡು ಹೋಗುತ್ತಿದ್ದರು. ಅಲ್ಲಿ ಗುಲಾಬಿಯನ್ನು ಬೆಳೆಸಿ ಮಾರುತ್ತಿದ್ದುದು ಕುಂಡದಲ್ಲೇ. 1790ರ ದಶಕದ ಆರಂಭದಲ್ಲಿ ಒಂದು ಕೆಂಪು, ಒಂದು ನಸುಗೆಂಪು, 1809ರಲ್ಲಿ ಚಹಾದ ಕಂಪಿನ ಒಂದು, 1824ರಲ್ಲಿ ಒಂದು ಹಳದಿ. ಹೀಗೆ ನಾಲ್ಕು ಚೀನೀ ಗುಲಾಬಿಗಳು ಇಂಗ್ಲೆಂಡಿಗೆ ಹೋದವು. ಚೀನಾದಿಂದ ಹೊರಟ ಗಿಡಗಳು ದಾರಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ತಂಗಿ ಸುಧಾರಿಸಿಕೊಳ್ಳುವುದೂ ಇತ್ತು. ತಿಂಗಳುಗಟ್ಟಲೆ ಹಡಗಿನ ಮೇಲೆ, ಅಳೆದು ಕೊಡುವ ಸಿಹಿನೀರಿನಲ್ಲಿ, ಉಪ್ಪುಗಾಳಿಯಲ್ಲಿ ಬದುಕಿ ಬಂದ ಗಿಡಗಳಿವು. ಇಂದು ನಾವು ನೋಡುವ ದೊಡ್ಡ ಹೂವಿನ 'ಹೈಬ್ರಿಡ್ ಟೀ' ಗುಲಾಬಿಗಳೆಲ್ಲ ಅವುಗಳ ಮೊಮ್ಮಕ್ಕಳು. 1867ರಲ್ಲಿ ಫ್ರಾನ್ಸಿನ ಗಿಯೋ ಬೆಳೆಸಿದ 'ಲಾ ಫ್ರಾನ್ಸ್' ಆ ವಂಶದ ಮೊದಲನೆಯದೆಂದು ಲೆಕ್ಕ.

ಅದೇ ಕಾಲದ ಇನ್ನೊಂದು ಕವಲು ನಮಗೆ ಹೆಚ್ಚು ಹತ್ತಿರದ್ದು. ಹಿಂದೂ ಮಹಾಸಾಗರದ ಬೂರ್ಬಾನ್ ದ್ವೀಪದಲ್ಲಿ (ಈಗ ರಿಯೂನಿಯನ್) ಬೇಲಿಗೆ ಹಾಕಿದ್ದ ಚೀನೀ ಗುಲಾಬಿಗೂ ಹಳೆಯ ಡಮಾಸ್ಕ್ ಗುಲಾಬಿಗೂ ತಾನಾಗಿಯೇ ಕೂಡಿಕೆಯಾಗಿ ಹೊಸ ಗಿಡವೊಂದು ಹುಟ್ಟಿತು. ಫ್ರೆಂಚರು ಅದನ್ನು 'ರೋಸ್ ಎಡ್ವಾರ್' ಎಂದರು. ಭಾರತದಲ್ಲಿ ಅದು 'ಎಡ್ವರ್ಡ್' ಆಯಿತು. ನಸುಗೆಂಪು ಬಣ್ಣ, ಬಿಗಿಯಿಲ್ಲದ ಎಸಳು, ಆದರೆ ಕೋಣೆ ತುಂಬುವ ಪರಿಮಳ. ಹಾರಕ್ಕೆ, ಗುಲ್ಕನ್ನಿಗೆ, ಪನ್ನೀರಿಗೆ ಆಗುವ ಹೂವು. ಇನ್ನೊಂದು ಉಪಯೋಗವೂ ಇದಕ್ಕಿದೆ: ನಾಜೂಕಿನ ಗುಲಾಬಿಗಳಿಗೆ ಕಸಿ ಕಟ್ಟಲು ಬೇರುಗಿಡವಾಗಿ ನಮ್ಮ ನರ್ಸರಿಗಳು ಇದನ್ನು ಬಹುಕಾಲದಿಂದ ಬಳಸುತ್ತ ಬಂದಿವೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಚೀನೀ ಗುಲಾಬಿ ಯಾಕೆ ನಿಲ್ಲದೆ ಹೂಬಿಡುತ್ತದೆ ಎಂಬುದಕ್ಕೆ 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಉತ್ತರ ಕೊಟ್ಟಿತು. ಗಿಡಕ್ಕೆ 'ಇನ್ನು ಹೂವು ಸಾಕು, ಕೊಂಬೆ ಬೆಳೆಸು' ಎಂದು ಹೇಳುವ ಜೀನ್ ಒಂದಿರುತ್ತದೆ. ಚೀನೀ ಗುಲಾಬಿಯಲ್ಲಿ ಆ ಜೀನಿನೊಳಕ್ಕೆ ಬೇರೊಂದು ತುಣುಕು ನುಗ್ಗಿ ಅದು ಕೆಲಸಕ್ಕೆ ಬಾರದಂತಾಗಿದೆ. ಹೀಗಾಗಿ ಹೊಸ ಚಿಗುರು ಬಂದರೆ ಅದರ ತುದಿಗೆ ಮೊಗ್ಗು ಬಂದೇ ತೀರಬೇಕು. ನಾವು ಮೆಚ್ಚುವ ಗುಣವೇ ಗಿಡದ ಪಾಲಿನ ದುಡಿತ. ಬಿಡುವಿಲ್ಲದೆ ಹೆರುವ ಗಿಡಕ್ಕೆ ಬಿಡುವಿಲ್ಲದೆ ಊಟ ಬೇಕು, ಊಟ ಕೊಡುವ ಬೇರು ಗಟ್ಟಿಯಿರಬೇಕು. ಅಂಥ ಗಿಡವನ್ನು ಹದಿನೈದು ಲೀಟರ್ ಮಣ್ಣಿನಲ್ಲಿ ಕೂರಿಸುತ್ತೇವೆ. ಕೂರಿಸಬಹುದು, ತಪ್ಪಿಲ್ಲ. ಆದರೆ ಕುಂಡ ಎಂದರೆ ಸಣ್ಣ ತೋಟ ಎಂದುಕೊಳ್ಳುವುದು ತಪ್ಪು. ಕುಂಡದಲ್ಲಿ ನೀರು ನಡೆದುಕೊಳ್ಳುವ ರೀತಿಯೇ ಬೇರೆ.

ಪಾತ್ರೆ ತಿಕ್ಕುವ ಸ್ಪಂಜೊಂದನ್ನು ನೀರಿನಲ್ಲಿ ಚೆನ್ನಾಗಿ ಅದ್ದಿ, ಹಿಂಡದೆ, ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ಒಂದಷ್ಟು ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ತೊಟ್ಟಿಕ್ಕತೊಡಗುತ್ತದೆ! ಸ್ಪಂಜು ಅದೇ, ತೂತುಗಳು ಅವೇ. ಎತ್ತರ ಮಾತ್ರ ಬದಲಾಯಿತು. ಸಣ್ಣ ತೂತುಗಳ ಯಾವುದೇ ವಸ್ತು ತನ್ನ ತಳದಲ್ಲಿ ಇಂತಿಷ್ಟು ಎತ್ತರಕ್ಕೆ ನೀರನ್ನು ಬಿಗಿಹಿಡಿದು ನಿಲ್ಲಿಸಿಕೊಳ್ಳುತ್ತದೆ. ತಳದಲ್ಲಿ ಎಷ್ಟು ರಂಧ್ರ ಕೊರೆದರೂ ಆ ನೀರು ಇಳಿಯದು. ನೆಲದಲ್ಲಾದರೆ ಕೆಳಗೆ ಮತ್ತೆ ಮಣ್ಣಿದೆ, ಅದು ಎಳೆದುಕೊಳ್ಳುತ್ತದೆ. ಕುಂಡದ ಕೆಳಗೆ ಇರುವುದು ಗಾಳಿ, ಎಳೆಯುವವರಿಲ್ಲ. ಮಣ್ಣು ಎಷ್ಟು ನುಣುಪೋ ಈ ಜೌಗಿನ ಪದರ ಅಷ್ಟು ಎತ್ತರ. ಕೆರೆಗೋಡಿನಂಥ ನಯವಾದ ಮಣ್ಣಿನಲ್ಲಿ ಅರ್ಧ ಕುಂಡವೇ ಜೌಗು ಎಂದರೂ ತಪ್ಪಲ್ಲ.

ಬೇರು ಕುಡಿಯುವುದಷ್ಟೇ ಅಲ್ಲ, ಉಸಿರಾಡುತ್ತದೆ ಕೂಡ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಆಮ್ಲಜನಕವಿರಬೇಕು. ಅಲ್ಲೆಲ್ಲ ನೀರೇ ನಿಂತರೆ ಬೇರಿನ ತುದಿಗಳು ಕೊಳೆಯುತ್ತವೆ. ಕೊಳೆತ ಬೇರು ನೀರನ್ನೆಳೆಯಲಾರದು. ಆಗ ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ ಮನೆಯವರು ಇನ್ನೊಂದು ಚೆಂಬು ಹುಯ್ಯುತ್ತಾರೆ. ಹನ್ನೊಂದು ಕುಂಡಗಳ ಕಥೆ ಇಷ್ಟೇ.

ತೆಂಗಿಗೆ ಗೋಡು ಒಗ್ಗಿ ಗುಲಾಬಿಗೆ ಒಗ್ಗದ್ದರ ಗುಟ್ಟೂ ಇದೇ. ತೋಟದಲ್ಲಿ ಗೋಡು ಕೆಂಪುನೆಲದ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಕೆಳಗೆ ನೀರು ಬಸಿಯಲು ಆಳವಾದ ಭೂಮಿಯಿದೆ, ಬಿಸಿಲಿಗೆ ಬಿರುಕು ಬಿಡುತ್ತದೆ, ಉಳುಮೆ ತಿರುವಿ ಹಾಕುತ್ತದೆ. ಕುಂಡದಲ್ಲಿ ಅದೇ ಗೋಡು ನಾಲ್ಕು ತಿಂಗಳಲ್ಲಿ ಇಟ್ಟಿಗೆಯಾಗುತ್ತದೆ. ಬರೀ ಕೆಂಪುಮಣ್ಣು ತುಂಬಿದರೂ ದಿನಾ ನೀರು ಬಿದ್ದೂ ಬಿದ್ದೂ ಅದು ಕೂತು ಗಟ್ಟಿಯಾಗುವುದು ತಪ್ಪುವುದಿಲ್ಲ.

ಇಲ್ಲಿ ಒಂದು ಮೊಂಡು ನಂಬಿಕೆಯನ್ನು ಹೇಳಲೇಬೇಕು. ನೀರು ಬಸಿಯಲೆಂದು ಕುಂಡದ ತಳಕ್ಕೆ ಜಲ್ಲಿಯನ್ನೋ ಹೆಂಚಿನ ಚೂರನ್ನೋ ಮೂರು ಅಂಗುಲ ತುಂಬುವುದು ನಮ್ಮಲ್ಲಿ ಶಾಸ್ತ್ರವೇ ಆಗಿಬಿಟ್ಟಿದೆ. ಸ್ಪಂಜನ್ನು ನೆನೆಸಿಕೊಳ್ಳಿ: ನುಣುಪು ಮಣ್ಣಿನ ಸಣ್ಣ ಸಂದುಗಳಿಂದ ಜಲ್ಲಿಯ ದೊಡ್ಡ ಸಂದಿಗೆ ನೀರು ಸುಲಭವಾಗಿ ಇಳಿಯದು; ಜಲ್ಲಿಯ ಮೇಲೆಯೇ ನಿಂತುಕೊಳ್ಳುತ್ತದೆ. ಅಂದರೆ ಜೌಗಿನ ಪದರವನ್ನು ಮೂರು ಅಂಗುಲ ಮೇಲಕ್ಕೆತ್ತಿ ಬೇರಿನ ಬುಡಕ್ಕೇ ತಂದಿಟ್ಟಂತಾಯಿತು. ರಂಧ್ರದಿಂದ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಮುಚ್ಚಿದರೆ ಸಾಕು. ಬದಲಾಗಬೇಕಾದ್ದು ತಳವಲ್ಲ, ಇಡೀ ಕುಂಡದ ಮಣ್ಣು. ಹಾಗೆಯೇ ಅಗಲವಾಗಿ ತಗ್ಗಾಗಿರುವ ಕುಂಡಕ್ಕಿಂತ ಎತ್ತರದ ಕುಂಡ ಒಳ್ಳೆಯದು. ದೊಡ್ಡ ಹೂವಿನ ಜಾತಿಗೆ ಹನ್ನೆರಡರಿಂದ ಹದಿನಾಲ್ಕು ಅಂಗುಲ, ಗುಂಡಿ ಗುಲಾಬಿಗೆ ಎಂಟು-ಹತ್ತು ಅಂಗುಲ ಬೇಕು. ಮಣ್ಣಿನ ಕುಂಡದ ಗೋಡೆ ಉಸಿರಾಡುತ್ತದೆ, ಬೇಸಿಗೆಯಲ್ಲಿ ತಂಪಾಗಿಯೂ ಇರುತ್ತದೆ. ಬಿಸಿಲಿಗಿಟ್ಟ ಕಪ್ಪು ಪ್ಲಾಸ್ಟಿಕ್ಕಿನ ಕುಂಡವನ್ನು ಏಪ್ರಿಲ್ ಮಧ್ಯಾಹ್ನ ಮುಟ್ಟಿ ನೋಡಿದರೆ ಹೆಚ್ಚು ಹೇಳಬೇಕಿಲ್ಲ.

ಕುಂಡದ ಮಣ್ಣಿನ ಈ ಸಮಸ್ಯೆ ನಮ್ಮೊಬ್ಬರದಲ್ಲ. ಇಂಗ್ಲೆಂಡಿನಲ್ಲಿ 1930ರವರೆಗೂ ತೋಟಗಾರರು ಒಂದೊಂದು ಗಿಡಕ್ಕೆ ಒಂದೊಂದು ಮಣ್ಣು ಎಂದು ಗುಟ್ಟಿನ ಮಿಶ್ರಣಗಳನ್ನು ಕಾಪಾಡಿಕೊಂಡು ಬಂದಿದ್ದರು. ಲಂಡನ್ನಿನ ಬಳಿಯ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯಲ್ಲಿ ಪ್ರಯೋಗಕ್ಕೆಂದು ಬೆಳೆಸಿದ ಚೀನೀ ಪ್ರಿಮ್ಯುಲಾ ಸಸಿಗಳು ಸುಮ್ಮಸುಮ್ಮನೆ ಸಾಯತೊಡಗಿದಾಗ ಲಾರೆನ್ಸ್ ಮತ್ತು ನ್ಯೂಯೆಲ್ ಎಂಬಿಬ್ಬರು ಕುಂಡದ ಮಣ್ಣನ್ನೇ ವರ್ಷಗಟ್ಟಲೆ ಪರೀಕ್ಷಿಸಿದರು. ಏಳು ಪಾಲು ಮಣ್ಣು, ಮೂರು ಪಾಲು ಪೀಟ್, ಎರಡು ಪಾಲು ಮರಳು ಎಂಬ ಸೂತ್ರ ಹುಟ್ಟಿದ್ದು ಹಾಗೆ. ಪೀಟ್ ಎಂದರೆ ಶೀತದೇಶದ ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಶೇಖರವಾದ ಪಾಚಿ. ಹಗುರ, ನೀರು ಹಿಡಿಯುತ್ತದೆ, ಗಾಳಿಯನ್ನೂ ಬಿಡುತ್ತದೆ. ಆದರೆ ಅಗೆದರೆ ಮತ್ತೆ ಹುಟ್ಟುವುದಕ್ಕೆ ಯುಗ ಬೇಕು. ಜೌಗುನೆಲಗಳು ಬರಿದಾಗುತ್ತಿವೆ ಎಂಬ ಕೂಗು ಎದ್ದಾಗ ಯುರೋಪಿನ ತೋಟಗಾರರು ಬದಲಿಗಾಗಿ ಹುಡುಕಿದರು. 1980ರ ದಶಕದ ನಂತರ ಅವರ ಕಣ್ಣು ಬಿದ್ದದ್ದು ತೆಂಗಿನ ನಾರಿನ ಪುಡಿಯ ಮೇಲೆ. ಅಲ್ಲಿಯವರಿಗೆ ಇದು ತೀರ ಹೊಸದೂ ಅಲ್ಲ. 1860ರ ದಶಕದಲ್ಲೇ ಅಲ್ಲಿ ಇದನ್ನು ಕುಂಡಕ್ಕೆ ಹಾಕಿ ನೋಡಿ ಆಮೇಲೆ ಮರೆತುಬಿಟ್ಟಿದ್ದರು.

ನಾರಿನ ಪುಡಿ ಎಂದರೆ ಏನೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಸಿಪ್ಪೆಯಿಂದ ನಾರು ತೆಗೆದರೆ ನಾರು ಮೂರು ಪಾಲು, ಪುಡಿ ಏಳು ಪಾಲು ಎಂದು ಒರಟು ಲೆಕ್ಕ. ನಾರಿಗೆ ಬೆಲೆಯಿತ್ತು, ಪುಡಿಗಿರಲಿಲ್ಲ. ನಾರಿನ ಕಾರ್ಖಾನೆಗಳ ಹಿಂದೆ ಕಂದು ಗುಡ್ಡಗಳಾಗಿ ಬಿದ್ದಿರುತ್ತಿತ್ತು. ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತಿತ್ತು, ಬೇಸಿಗೆಯಲ್ಲಿ ಬೆಂಕಿ ಹತ್ತಿದರೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತಿತ್ತು. ಅದರಲ್ಲಿ ಲಿಗ್ನಿನ್ ಅಂಶ ಹೆಚ್ಚಾದ್ದರಿಂದ ಸುಲಭವಾಗಿ ಕೊಳೆಯುವುದೂ ಇಲ್ಲ. ಆ ಕೊಳೆಯದ ಗುಣವೇ ಕುಂಡಕ್ಕೆ ವರ. ತನ್ನ ತೂಕದ ಏಳೆಂಟು ಪಟ್ಟು ನೀರು ಕುಡಿದೂ ನಡುವೆ ಗಾಳಿಗೆ ಜಾಗ ಉಳಿಸಿಕೊಳ್ಳುವ, ವರ್ಷಗಟ್ಟಲೆ ಕುಸಿಯದ ವಸ್ತು ಮತ್ತೊಂದು ಸಿಗುವುದು ಕಷ್ಟ. ಇಂದು ಹಾಲೆಂಡಿನ ಗಾಜಿನ ಮನೆಗಳಲ್ಲೂ ಬೆಂಗಳೂರು ಸುತ್ತಿನ ಕೆಲವು ಪಾಲಿಹೌಸುಗಳಲ್ಲೂ ಗುಲಾಬಿ ಬೇರೂರಿರುವುದು ಮಣ್ಣಿನಲ್ಲಲ್ಲ, ಈ ಪುಡಿಯಲ್ಲಿ. ಐದು ಕಿಲೋ ಇಟ್ಟಿಗೆಯಾಗಿ ಒತ್ತಿ ಮಾರುತ್ತಾರೆ, ನೀರಿಗೆ ಹಾಕಿದರೆ ಎಪ್ಪತ್ತು ಲೀಟರಿನಷ್ಟು ಉಬ್ಬುತ್ತದೆ. ಅದಕ್ಕೆ ನರ್ಸರಿಯ ಹೆಸರು ಕೋಕೋಪೀಟ್. ತಮ್ಮ ಅಂಗಳದ ಸಿಪ್ಪೆಯನ್ನು ಲಾರಿಗೆ ತುಂಬಿಸಿ ಕಳಿಸಿ, ಪೊಳ್ಳಾಚಿಯಿಂದ ಬಂದ ಇಟ್ಟಿಗೆಯನ್ನು ಬೆಂಗಳೂರಿನಲ್ಲಿ ಕೊಂಡು ಊರಿಗೆ ತಂದ ಸಜ್ಜನರನ್ನು ನಾನು ಬಲ್ಲೆ. ಆ ಸಜ್ಜನ ನಾನೇ.

ಹಾಗೆಂದು ಕಾರ್ಖಾನೆಯ ಹಿಂದಿನ ಗುಡ್ಡದಿಂದ ಬಾಚಿ ತಂದು ನೇರ ಕುಂಡಕ್ಕೆ ಸುರಿಯುವಂತಿಲ್ಲ. ತೆಂಗು ಉಪ್ಪನ್ನು ಸಹಿಸುವ, ಹೀರಿ ಇಟ್ಟುಕೊಳ್ಳುವ ಮರ. ಸಿಪ್ಪೆಯಲ್ಲಿ ಪೊಟಾಸಿಯಂ, ಸೋಡಿಯಂ, ಕ್ಲೋರೈಡ್ ತುಂಬಿರುತ್ತವೆ. ಗುಲಾಬಿಯೋ ಉಪ್ಪು ಕಂಡರೆ ಎಲೆಯಂಚು ಸುಟ್ಟುಕೊಳ್ಳುವ ಗಿಡ. ಆದ್ದರಿಂದ ಪುಡಿಯನ್ನು ಡ್ರಮ್ಮಿನಲ್ಲಿ ನೆನೆಹಾಕಿ ಕಾಫಿ ಬಣ್ಣದ ನೀರನ್ನು ಕನಿಷ್ಠ ಮೂರು ಸಲ ಬಸಿಯಬೇಕು. ಇಷ್ಟರಿಂದ ಬಿಡಿ ಉಪ್ಪು ಹೋಗುತ್ತದೆ. ಪುಡಿಯ ಕಣಕ್ಕೆ ಅಂಟಿಕೊಂಡ ಸೋಡಿಯಂ ಹೋಗುವುದಿಲ್ಲ. ಅದನ್ನು ತಳ್ಳಿ ಆ ಜಾಗದಲ್ಲಿ ಕೂರಲು ಸುಣ್ಣದಂಶ, ಎಂದರೆ ಕ್ಯಾಲ್ಸಿಯಂ ಬೇಕು. ವೃತ್ತಿಪರರು ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿಡುತ್ತಾರೆ. ಐದು ಕಿಲೋ ಇಟ್ಟಿಗೆಗೆ ಸುಮಾರು 100 ಗ್ರಾಂ ಸಾಕು. ಗೊಬ್ಬರದಂಗಡಿಯಲ್ಲಿ ಸಿಗುವ ವಸ್ತು. ಇದನ್ನು ಮಾಡದೆ ಹೋದರೆ ನಾವು ಹಾಕಿದ ಸುಣ್ಣದಂಶವನ್ನೆಲ್ಲ ಪುಡಿಯೇ ನುಂಗಿ ಗಿಡದ ಎಳೆ ಚಿಗುರು ಸುರುಟಿಕೊಳ್ಳುತ್ತದೆ.

ಇನ್ನೊಂದು ತೊಡಕು ಸಾರಜನಕದ್ದು. ಹಸಿ ಪುಡಿಯಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಅನುಪಾತ ಸುಮಾರು 112ಕ್ಕೆ 1. ಅದನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ಸಾಲದ ಸಾರಜನಕವನ್ನು ಗಿಡದ ಬಾಯಿಂದಲೇ ಕಿತ್ತುಕೊಳ್ಳುತ್ತವೆ. ತೆಂಗಿನ ನಾರು ಮಂಡಳಿಯೂ ಕೃಷಿ ವಿಶ್ವವಿದ್ಯಾಲಯಗಳೂ ಹೇಳುವ ಉಪಾಯವೆಂದರೆ, ಒಂದು ಟನ್ ಪುಡಿಗೆ ಐದು ಕಿಲೋ ಯೂರಿಯಾ ಮತ್ತು ಚಿಪ್ಪಣಬೆಯ ಬೀಜವನ್ನು ಪದರ ಪದರವಾಗಿ ಹಾಕಿ, ನೆರಳಲ್ಲಿ ತೇವವಾಗಿಟ್ಟು ಒಂದು ತಿಂಗಳು ಮಾಗಿಸುವುದು. ಅನುಪಾತ 24ಕ್ಕೆ 1ರ ಆಸುಪಾಸಿಗೆ ಇಳಿಯುತ್ತದೆ, ಪುಡಿ ಕಪ್ಪಗಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸೂಕ್ಷ್ಮಜೀವಿಗಳಿಂದ ಹುದುಗಿಸಿದ 'ಅರ್ಕಾ ಫರ್ಮೆಂಟೆಡ್ ಕೋಕೋಪೀಟ್' ಎಂಬುದನ್ನೂ ರೂಪಿಸಿದ್ದಾರೆ.

ಮಿಶ್ರಣದ ವಿಷಯದಲ್ಲಿ ಶಾಸ್ತ್ರಕ್ಕಿಂತ ಕೈಯ ಅಂದಾಜೇ ಮೇಲು. ತೊಳೆದ ಪುಡಿ ಎರಡು ಪಾಲು, ಜರಡಿ ಹಿಡಿದ ಕೆಂಪುಮಣ್ಣು ಎರಡು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೋ ಕುರಿ ಗೊಬ್ಬರವೋ ಒಂದು, ದಪ್ಪ ಮರಳು ಒಂದು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಸಿಪ್ಪೆಯನ್ನೇ ಬೆರಳಿನ ಗೆಣ್ಣಿನಷ್ಟು ಚೂರು ಮಾಡಿ ನೆನೆಸಿ ತೊಳೆದು ಬೆರೆಸಿದರೆ ಇನ್ನೂ ಚೆನ್ನ. ಹಿಡಿಯಲ್ಲಿ ಹಿಸುಕಿದರೆ ಮುದ್ದೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಸಿಪ್ಪೆ ನೀರು ಹಿಡಿಯುತ್ತದೆ ಎಂಬುದು ಇಲ್ಲಿಯ ಹಿರಿಯರಿಗೆ ಹೊಸದಲ್ಲ. ತೆಂಗಿನ ಬುಡದ ಕಾಲುವೆಯಲ್ಲಿ ಸಿಪ್ಪೆ ಹೂಳುವ ಪದ್ಧತಿ ಹಳೆಯದೇ. ಕುಂಡಕ್ಕೆ ಮಾತ್ರ ಅದನ್ನು ಹೊಂದಿಸಿ ನೋಡಿರಲಿಲ್ಲ.

ಈಗ ನೀರು. ಕೊಳವೆ ಬಾವಿಯ ನೀರು ಕಾಯಿಸಿದ ಪಾತ್ರೆಯ ತಳ ಕಂಡವರಿಗೆ ಅದರ ಗಡಸುತನ ಗೊತ್ತು. ಅದೇ ಬಿಳಿ ಹೊಪ್ಪಳೆ ಕುಂಡದ ಅಂಚಿನಲ್ಲೂ ಕೂರುತ್ತದೆ. ಇಂಥ ನೀರಿನಲ್ಲಿರುವ ಬೈಕಾರ್ಬೊನೇಟು ದಿನದಿಂದ ದಿನಕ್ಕೆ ಕುಂಡದ ಮಣ್ಣನ್ನು ಕ್ಷಾರವಾಗಿಸುತ್ತದೆ. ಕ್ಷಾರವಾದ ಮಣ್ಣಿನಲ್ಲಿ ಕಬ್ಬಿಣದಂಶ ಇದ್ದರೂ ಕರಗದು, ಬೇರಿಗೆ ಸಿಗದು. ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಾಯಿಲೆ ಇದೇ ಎಂದು ತಿಳಿಯಬಹುದು. ಆಗ ಜನ ಹೇಳುವ ಮನೆಮದ್ದು ಮೊಟ್ಟೆಯ ಸಿಪ್ಪೆ, ಒಲೆಬೂದಿ. ಎರಡೂ ಸುಣ್ಣದ ಬಾಬತ್ತು, ಉರಿಯುವ ಬೆಂಕಿಗೆ ತುಪ್ಪ. ಗಡಸು ನೀರಿನ ಊರಿನಲ್ಲಿ ಇವನ್ನು ಕುಂಡದ ಹತ್ತಿರ ಸುಳಿಯಗೊಡಬಾರದು. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರನ್ನು ದಂಡ ಮಾಡಬಾರದೆಂದು ಗಿಡಕ್ಕೆ ಹಾಕುವವರೂ ಇದ್ದಾರೆ. ಸದುದ್ದೇಶವೇ, ಆದರೆ ಸೋಸಿ ಬಿಟ್ಟ ಲವಣಗಳೆಲ್ಲ ಸೇರಿರುವುದು ಆ ನೀರಿನಲ್ಲೇ. ಅದರಿಂದ ನೆಲ ತೊಳೆಯಲಿ, ಗುಲಾಬಿಗೆ ಬೇಡ.

ಗುಲಾಬಿಗೆ ಮಳೆನೀರಿನಷ್ಟು ಹಿತ ಬೇರಿಲ್ಲ. ದೊಡ್ಡಪ್ಪನ ಆಕ್ಷೇಪಕ್ಕೂ ಉತ್ತರ ಅಲ್ಲೇ ಇದೆ. ಲೆಕ್ಕ ಹಾಕೋಣ. ಹನಿ ನೀರಾವರಿಯಲ್ಲಿ ಒಂದು ತೆಂಗಿನ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 40ರಿಂದ 60 ಲೀಟರ್ ಬೇಕೆನ್ನುತ್ತಾರೆ. ಹತ್ತು ಕುಂಡಕ್ಕೆ, ಕುಂಡಕ್ಕೆರಡರಂತೆ, ದಿನಕ್ಕೆ 20 ಲೀಟರ್. ನೂರು ಚದರಡಿ ಮಾಡಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೂ ಸುಮಾರು 5,500 ಲೀಟರ್ ಆಯಿತು. ಪೂರ್ತಿ ಹಿಡಿದಿಡಲು ತೊಟ್ಟಿ ಬೇಕು, ಎಲ್ಲರ ಮನೆಯಲ್ಲಿ ಇರದು. ಆದರೆ ಎರಡು ಡ್ರಮ್ಮು ತುಂಬಿಟ್ಟು ವಾರಕ್ಕೊಂದು ಸಲ ಮಳೆನೀರು, ಉಳಿದ ದಿನ ಬೋರಿನ ನೀರು ಎಂದು ಮಾಡಿದರೂ ಗಿಡದ ಬಣ್ಣ ತಿರುಗುತ್ತದೆ. ನಾರಿನ ಪುಡಿಯ ಕುಂಡಕ್ಕೆ ಜೂನ್‌ನಿಂದ ಜನವರಿಯವರೆಗೆ ಪ್ರತಿದಿನ ನೀರೂ ಬೇಕಿಲ್ಲ. ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ, ತೇವವಿದ್ದರೆ ಸುಮ್ಮನಿರುವುದು. ಹಾಕಿದ ದಿನ ತಳದಿಂದ ಹರಿದು ಬರುವಷ್ಟು ಹಾಕುವುದು. ದಿನಾ ಅರ್ಧ ಚೆಂಬು ಚಿಮುಕಿಸಿದರೆ ಉಪ್ಪು ಕುಂಡದಲ್ಲೇ ಉಳಿಯುತ್ತದೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. ಗುಲಾಬಿಗೆ ಆರು ಗಂಟೆಯ ನೇರ ಬಿಸಿಲು ಬೇಕು. ತೆಂಗಿನ ಗರಿಯ ಜಾಲರಿ ನೆರಳು ವೀಳ್ಯದೆಲೆಗೆ, ಮೆಣಸಿಗೆ ಚೆನ್ನ, ಇದಕ್ಕೆ ಸಾಲದು. ನೆರಳು ಮತ್ತು ಒದ್ದೆ ಎಲೆ ಸೇರಿದರೆ ಕಪ್ಪುಚುಕ್ಕೆ ರೋಗ ಖಂಡಿತ, ಆದ್ದರಿಂದ ಸಂಜೆ ಎಲೆಯ ಮೇಲೆ ನೀರು ಹುಯ್ಯಬಾರದು. ಮಾರ್ಚಿಯಿಂದ ಮೇವರೆಗಿನ ಒಣ ಸೆಕೆಯಲ್ಲಿ ಎಲೆಯಡಿಯಲ್ಲಿ ಕೆಂಪು ನುಸಿ ಬಲೆ ಕಟ್ಟುತ್ತದೆ. ನುಸಿ ಎಂದೊಡನೆ ಈ ಕಡೆಯವರು ಬೆಚ್ಚುತ್ತಾರೆ; 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಇಲ್ಲಿಗೂ ಹಬ್ಬಿ ಕಾಯಿಗಳನ್ನು ಗಂಟುಗಂಟಾಗಿಸಿದ ನುಸಿಪೀಡೆಯನ್ನು ಯಾರೂ ಮರೆತಿಲ್ಲ. ಗುಲಾಬಿಯದು ಬೇರೆ ಜಾತಿಯ ನುಸಿ, ಬೆಳಿಗ್ಗೆ ಹೊತ್ತು ಎಲೆಯ ಅಡಿಗೆ ರಭಸವಾಗಿ ನೀರು ಹಾರಿಸಿದರೆ ಬಹುಪಾಲು ಉದುರುತ್ತದೆ. ತೆಂಗಿಗೆ ಹೇಳಿದ ಬೇವಿನೆಣ್ಣೆ-ಬೆಳ್ಳುಳ್ಳಿ ಕಷಾಯ ತೆಳುಮಾಡಿ ಇದಕ್ಕೂ ಹೊಡೆಯಬಹುದು.

ಸವರುವುದಕ್ಕೆ ಮಳೆಗಾಲ ಹಿಂದೆ ಸರಿದ ಅಕ್ಟೋಬರ್ ಸರಿಯಾದ ಕಾಲ. ಒಣಗಿದ್ದು, ಬಡಕಲಾದದ್ದು ತೆಗೆದು, ಗಟ್ಟಿ ಕಡ್ಡಿಗಳನ್ನು ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದರೆ ಆರೇಳು ವಾರಕ್ಕೆ ಹೂವು. ಸವರಲು ಹೆದರುವವರೇ ಹೆಚ್ಚು. ಹಿಂದೆ ಹೇಳಿದೆನಲ್ಲ, ಹೊಸ ಚಿಗುರು ಬಂದರೇ ಮೊಗ್ಗು. ಆಮೇಲೆ ಹದಿನೈದು ದಿನಕ್ಕೊಮ್ಮೆ ನೆನೆಸಿ ಬಸಿದ ಹಿಂಡಿಯ ತಿಳಿ. ಒಮ್ಮೆಲೇ ಹಿಡಿಗಟ್ಟಲೆ ರಸಗೊಬ್ಬರ ಹಾಕುವುದು ಉಪ್ಪು ಹಾಕಿದಂತೆಯೇ.

ಕೊಂಡು ತಂದ ಗಿಡದಲ್ಲಿ ಕಸಿಯ ಗಂಟನ್ನು ಗುರುತಿಸಿ ಅದು ಮಣ್ಣಿನಿಂದ ಎರಡು ಅಂಗುಲ ಮೇಲಿರುವಂತೆ ನೆಡಬೇಕು. ಗಂಟಿನ ಕೆಳಗಿನಿಂದ ಹೊರಟ ಚಿಗುರು ಬೇರುಗಿಡದ್ದು; ಬಿಟ್ಟರೆ ಮೇಲಿನದನ್ನು ಹಸಿವಿನಿಂದ ಕೊಲ್ಲುತ್ತದೆ. ಏಳು ಎಲೆಯ ಚಿಗುರೆಲ್ಲ ಕಾಡು, ಐದೆಲೆಯದು ಊರಿನದು ಎಂಬ ಮಾತು ನಂಬುವಂಥದ್ದಲ್ಲ. ಒಳ್ಳೆಯ ಗೊಬ್ಬರ ಸಿಕ್ಕ ಕಸಿಗಿಡವೂ ಏಳೆಲೆ ಬಿಡುತ್ತದೆ. ನೋಡಬೇಕಾದ್ದು ಎಲೆಯ ಎಣಿಕೆಯಲ್ಲ, ಹುಟ್ಟಿದ ಜಾಗ.

ಕಳೆದ ದೀಪಾವಳಿಗೆ ಕೆಂಕೆರೆಗೆ ಹೋದಾಗ ಜಗಲಿಯ ಅಂಚು ಖಾಲಿಯಿತ್ತು. ಕುಂಡಗಳೆಲ್ಲ ಮಾಳಿಗೆಗೆ ಹತ್ತಿದ್ದವು, ಪಕ್ಕದಲ್ಲಿ ಮಳೆನೀರಿನ ನೀಲಿ ಡ್ರಮ್ಮು. ದೊಡ್ಡಪ್ಪನೇ ಪೈಪು ಕೂರಿಸಿದ್ದರಂತೆ. ಮಣ್ಣು ಬದಲಿಸುವಾಗ ಜೀವವಿದ್ದ ಐದರಲ್ಲಿ ನಾಲ್ಕು ಉಳಿದಿವೆ, ಹೊಸದಾಗಿ ತಂದ ಮೂರೂ ಚಿಗುರಿವೆ. ಐದನೆಯದರಲ್ಲಿ ಲಾಲ್‌ಬಾಗಿನ ಹೂವು ಸತ್ತು, ಗಂಟಿನ ಕೆಳಗಿನಿಂದ ಬೇರುಗಿಡ ಎದ್ದುಬಂದು ಆಳೆತ್ತರ ಬೆಳೆದಿದೆ. ನಸುಗೆಂಪು ಬಣ್ಣ, ಬಿಗಿಯಿಲ್ಲದ ಎಸಳು. ಅದು ಕಾಡುಚಿಗುರು, ಕಿತ್ತು ಬೇರೆ ಹಾಕೋಣ ಎಂದೆ. ದೊಡ್ಡಮ್ಮ ಒಪ್ಪಲಿಲ್ಲ. ಬೆಳಗಿನ ಪೂಜೆಗೆ ದಿನಾ ಎರಡು ಹೂವು ಕೊಡುವುದು ಈಗ ಅದೊಂದೇ ಅಂತೆ.